ಹಳೆ ಸ್ವಿಫ್ಟ್‌ಗೆ ಹೊಸ ದನಿ: ಕಾರಿನ ಸೌಂಡ್ ಸಿಸ್ಟಮ್ ಬದಲಿಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರು ಸ್ವಲ್ಪ ನಿಧಾನ ಮಾಡಿದರೆ ಸಾಕು, ಫುಟ್‌ಪಾತಿನಿಂದ ಒಬ್ಬ ಹುಡುಗ ಕಿಟಕಿಗೆ ಬಂದು ನಿಲ್ಲುತ್ತಾನೆ. ‘ಸೀಟ್ ಕವರಾ, ಮ್ಯಾಟಾ, ಸಿಸ್ಟಮಾ ಸಾರ್?’ ಸಿಸ್ಟಮ್ ಅಂದಿರೋ, ಮುಂದಿನ ಪ್ರಶ್ನೆ ‘ಎಷ್ಟಿಂಚಿಂದು?’ ಏಳೋ, ಒಂಬತ್ತೋ, ಹತ್ತೋ ಅನ್ನುವುದರ ಮೇಲೆ ಚೌಕಾಸಿ ನಡೆಯುತ್ತದೆ. ಬಾಗಿಲೊಳಗಿನ ಸ್ಪೀಕರ್ ಯಾವ ಸ್ಥಿತಿಯಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ನಾನೂ ಮೊದಲ ಸಲ ಇಂಚು ಲೆಕ್ಕ ಹಾಕಿಯೇ ದುಡ್ಡು ಸುರಿದೆ. ನನ್ನ 2013ರ ಸ್ವಿಫ್ಟಿನ ಡ್ಯಾಶ್‌ಬೋರ್ಡು ಥೇಟ್ ಟಿವಿ ಶೋರೂಮಿನ ಹಾಗೆ ಮಿನುಗತೊಡಗಿತು. ಹಾಡು ಮಾತ್ರ ಮೊದಲು ಹೇಗೆ ಗೊರಗೊರ ಅನ್ನುತ್ತಿತ್ತೋ ಹಾಗೇ ಉಳಿಯಿತು.

ಎರಡು ವರ್ಷದ ನಂತರ ಎಲ್ಲವನ್ನೂ ಬಿಚ್ಚಿ, ತಿರುವುಮುರುವು ಕ್ರಮದಲ್ಲಿ ಮಾಡಿದೆ. ಮೊದಲು ಬಾಗಿಲು, ಆಮೇಲೆ ಸ್ಪೀಕರ್, ಆಮೇಲೆ ಆಂಪ್ (ಸ್ಪೀಕರಿಗೆ ಹೋಗುವ ಸಿಗ್ನಲಿಗೆ ಶಕ್ತಿ ತುಂಬುವ ಆಂಪ್ಲಿಫೈಯರ್), ಕಟ್ಟಕಡೆಗೆ ಸ್ಕ್ರೀನ್. ಈ ಬರಹದಲ್ಲಿರುವುದು ಆ ಎರಡನೇ ಸಲದ ದಾರಿ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವಿದ್ದರೆ ಎರಡು ಭಾನುವಾರದ ಕೆಲಸ. ಇಲ್ಲದಿದ್ದರೂ ಓದಿಕೊಳ್ಳಿ. ಅಂಗಡಿಯವನು ಮಾಡುತ್ತಿರುವಾಗ ಪಕ್ಕದಲ್ಲಿ ನಿಂತು ‘ಇದ್ಯಾಕೆ ಹೀಗೆ ಹಾಕಿದ್ರಿ’ ಅಂತ ಕೇಳುವಷ್ಟಾದರೂ ಗೊತ್ತಿರಬೇಕು.

ಮೊದಲು ಕೂತು ಕೇಳಿ

ಏನನ್ನೂ ಕೊಳ್ಳುವ ಮುಂಚೆ, ಸದ್ದಿಲ್ಲದ ಜಾಗದಲ್ಲಿ ಕಾರು ನಿಲ್ಲಿಸಿ ಅರ್ಧ ಗಂಟೆ ಹಾಡು ಕೇಳಿ. ವಾಟ್ಸ್‌ಆ್ಯಪಿನಲ್ಲಿ ಬಂದ ಫೈಲ್ ಬೇಡ. ಒಳ್ಳೆಯ ಗುಣಮಟ್ಟದ ರೆಕಾರ್ಡಿಂಗನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಪರೀಕ್ಷೆಗೆ ನಾನು ಬಳಸುವುದು ಮೂರು ಬಗೆ. ಮೃದಂಗದ ತನಿ ಆವರ್ತನ: ಎಡದ ತೊಪ್ಪಿಯ ಗುಮುಕು ದುಂಡಗೆ ಬರಬೇಕು, ಬಲದ ಚಾಪು ಚುರುಕಾಗಿರಬೇಕು. ಯಕ್ಷಗಾನದ ಚಂಡೆ: ಪೆಟ್ಟು ಬಿದ್ದ ತಕ್ಷಣ ನಿಲ್ಲಬೇಕು, ಬಾಗಿಲ ತಗಡು ಅದರ ಜತೆ ತಾನೂ ಒಂದು ಪೆಟ್ಟು ಹಾಕಬಾರದು. ಮೂರನೆಯದು ವಾದ್ಯ ಕಡಿಮೆ ಇರುವ ಭಾವಗೀತೆ: ಹಾಡುವವರ ಬಾಯಿ ಎಲ್ಲಿದೆ ಅಂತ ಕಣ್ಣು ಮುಚ್ಚಿ ತೋರಿಸಲು ಆಗುತ್ತದಾ ನೋಡಿ. ಬಹುತೇಕ ಕಾರುಗಳಲ್ಲಿ ಹಾಡುವವರು ಡ್ರೈವರನ ಬಲ ಮೊಣಕಾಲಿನ ಹತ್ತಿರ ಕೂತಿರುತ್ತಾರೆ.

ಎಂಜಿನ್ ಆಫ್ ಮಾಡಿ ಒಮ್ಮೆ, ಆನ್ ಮಾಡಿ ಒಮ್ಮೆ ಕೇಳಿ. ಆಕ್ಸಿಲರೇಟರ್ ಒತ್ತಿದಂತೆ ‘ಕುಂಯ್ಯ್’ ಎಂದು ಏರುವ ಸದ್ದಿದ್ದರೆ ಅದು ಸ್ಪೀಕರಿನ ದೋಷವಲ್ಲ, ವೈರಿಂಗಿನದು. ದನಿ ಏರಿಸಿದಾಗ ಏನೇನು ಕಿರಿಕಿರಿ ಅನ್ನುತ್ತದೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆ ಚೀಟಿಯೇ ನಿಮ್ಮ ಶಾಪಿಂಗ್ ಲಿಸ್ಟು.

ಇಲ್ಲೇ ಒಂದು ಎಚ್ಚರಿಕೆ. ಈಚಿನ ಕಾರುಗಳಲ್ಲಿ ಎಸಿ, ಕ್ಯಾಮೆರಾ, ಗಾಡಿಯ ಸೆಟ್ಟಿಂಗ್ ಎಲ್ಲವೂ ಕಂಪನಿಯ ಸ್ಕ್ರೀನಿನೊಳಗೇ ಹೆಣೆದುಕೊಂಡಿರುತ್ತವೆ. ಅಂಥ ಸ್ಕ್ರೀನನ್ನು ಕೀಳುವ ಗೋಜಿಗೆ ಹೋಗಬೇಡಿ. ಅದನ್ನು ಹಾಗೇ ಬಿಟ್ಟು, ಅದರ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಂಡು ಸದ್ದನ್ನು ಡಿಜಿಟಲ್ ಆಗಿ ತಿದ್ದುವ ಡಿಎಸ್‌ಪಿ ಆಂಪ್ ಹಾಕಬಹುದು. ಬಾಗಿಲು ಮತ್ತು ಸ್ಪೀಕರಿನ ಕೆಲಸ ಮಾತ್ರ ಹಳೆಯದಿರಲಿ ಹೊಸದಿರಲಿ ಎಲ್ಲ ಕಾರಿಗೂ ಒಂದೇ. ವಾರಂಟಿ ಇರುವ ಗಾಡಿಯಾದರೆ ಕಂಪನಿಯ ಒಂದು ವೈರನ್ನೂ ಕತ್ತರಿಸಬಾರದು. ಆಯಾ ಕಾರಿನ ಕಪ್ಲರ್ (ವೈರು ಸಿಗಿಸುವ ಪ್ಲಗ್) ಕೆಲವೇ ನೂರು ರೂಪಾಯಿಗೆ ಸಿಗುತ್ತದೆ.

ಡಬ್ಬದ ಮೇಲಿನ ವಾಟ್

ಅಂಗಡಿಯಲ್ಲಿ ನಡೆಯುವ ದೊಡ್ಡ ಮೋಸ ವಾಟ್ ಲೆಕ್ಕದಲ್ಲಿ. ‘50 ವಾಟ್ ಇಂಟು 4’ ಅಂತ ಸ್ಟೀರಿಯೊ ಡಬ್ಬದ ಮೇಲೆ ಬರೆದಿರುತ್ತದೆ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ ಹೆಚ್ಚೆಂದರೆ 14.4. ಅಷ್ಟು ವೋಲ್ಟೇಜಿನಿಂದ 4 ಓಂ ಸ್ಪೀಕರಿಗೆ ದನಿ ಸೀಳದೆ ಕೊಡಬಹುದಾದ ಶಕ್ತಿ ಕಾಗದದ ಲೆಕ್ಕದಲ್ಲೇ ಸುಮಾರು 26 ವಾಟ್. ಸ್ಟೀರಿಯೊದ ಐಸಿ ಚಿಪ್ಪಿನ ಒಳಗಿನ ನಷ್ಟ ಕಳೆದರೆ ಕೈಗೆ ಸಿಗುವುದು 15ರಿಂದ 20. ಉಳಿದದ್ದು ಡಬ್ಬ ಮುದ್ರಿಸಿದವನ ಔದಾರ್ಯ. ಬೇರೆ ಆಂಪ್ ಬೇಕಾಗುವುದು ಇದೇ ಕಾರಣಕ್ಕೆ: ಆಂಪಿನೊಳಗೆ ವೋಲ್ಟೇಜನ್ನು ಮೇಲೆತ್ತುವ ಪವರ್ ಸಪ್ಲೈ ಇರುತ್ತದೆ, ಸ್ಟೀರಿಯೊದಲ್ಲಿ ಇರುವುದಿಲ್ಲ.

ಆದ್ದರಿಂದ ‘ಮ್ಯಾಕ್ಸ್’, ‘ಪೀಕ್’ ಎಂಬ ಅಂಕಿಗಳನ್ನು ಕಣ್ಣೆತ್ತಿಯೂ ನೋಡಬೇಡಿ. ‘ಆರ್‌ಎಮ್‌ಎಸ್’, ಅಂದರೆ ಬಿಡದೆ ಕೊಡಬಲ್ಲ ವಾಟ್, ಎಷ್ಟು ಅಂತ ಕೇಳಿ. ಉತ್ತರ ತಡವರಿಸಿದರೆ ಫ್ಯೂಸ್ ನೋಡಿ. ‘1000 ವಾಟ್’ ಅಂತ ಬರೆದ ಬೇಸ್ ಟ್ಯೂಬಿನ (ಬೇಸಿಗೆಂದೇ ಇರುವ ಕೊಳವೆಯಂಥ ಸ್ಪೀಕರ್) ಬೆನ್ನಿಗೆ 10 ಆಂಪಿಯರ್ ಫ್ಯೂಸ್ ಇದ್ದರೆ, 14.4ನ್ನು 10ರಿಂದ ಗುಣಿಸಿ. ಒಳಗೆ ಹೋಗುವುದೇ 144 ವಾಟ್, ಹೊರಗೆ 1000 ಬರುವುದು ಹೇಗೆ?

ಬಜೆಟ್ ವಿಷಯಕ್ಕೆ ಬಂದರೆ, ನನ್ನ ಅಂದಾಜು ಹೀಗೆ: ಮುಂದಿನ ಎರಡು ಬಾಗಿಲ ತಗಡಿನ ಕಂಪನ ತಗ್ಗಿಸುವ ಡ್ಯಾಂಪಿಂಗ್ ಶೀಟಿಗೆ 3ರಿಂದ 5 ಸಾವಿರ, ಒಂದು ಜೊತೆ ಕಾಂಪೊನೆಂಟ್ (ಬಿಡಿ ಭಾಗಗಳಾಗಿ ಬರುವ) ಸ್ಪೀಕರಿಗೆ 4ರಿಂದ 8 ಸಾವಿರ, ನಾಲ್ಕು ಚಾನೆಲಿನ ಆಂಪಿಗೆ 8ರಿಂದ 15 ಸಾವಿರ, ತಾಮ್ರದ ವೈರಿಂಗ್ ಕಿಟ್ಟಿಗೆ 2–3 ಸಾವಿರ. ಕೈಯಲ್ಲಿ 10 ಸಾವಿರ ಮಾತ್ರ ಇದ್ದರೆ ಮೊದಲ ಎರಡನ್ನು ಮಾಡಿ, ನಿಲ್ಲಿಸಿ. ಇದ್ದ ಹಳೆ ಸ್ಟೀರಿಯೊದಲ್ಲೇ ವ್ಯತ್ಯಾಸ ಕೇಳಿಸುತ್ತದೆ. ಹಿಂದಿನ ಬಾಗಿಲ ಸ್ಪೀಕರಿಗೆ ನಾನು ಒಂದು ರೂಪಾಯಿಯನ್ನೂ ಹಾಕಲಿಲ್ಲ. ಕಛೇರಿ ಕೇಳುವಾಗ ವೇದಿಕೆಗೆ ಬೆನ್ನು ಹಾಕಿ ಕೂರುತ್ತೇವೆಯೇ?

ಬಾಗಿಲು ಬಿಚ್ಚುವುದು

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಇದು. ಅಂಗಡಿಗಳು ತಪ್ಪಿಸಿಕೊಳ್ಳುವುದೂ ಇದನ್ನೇ, ಯಾಕೆಂದರೆ ಸಮಯ ಹಿಡಿಯುತ್ತದೆ.

ಕಾರಣ ಮೊದಲು ತಿಳಿಯಲಿ. ಸ್ಪೀಕರಿನ ಕಾಗದ ಮುಂದೆ ಬಂದಾಗ ಎದುರಿನ ಗಾಳಿಯನ್ನು ಒತ್ತುತ್ತದೆ, ಅದೇ ಕ್ಷಣ ಬೆನ್ನ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಎರಡೂ ತೂತಿನ ಮೂಲಕ ಸೇರಿಕೊಂಡರೆ ಒಂದನ್ನೊಂದು ತಿಂದುಹಾಕುತ್ತವೆ. ಹೀಗೆ ಮೊದಲು ಸಾಯುವುದು ಬೇಸ್. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುವುದು ಈ ಎರಡನ್ನು ಬೇರೆ ಇಡುವುದಕ್ಕೆ. ಕಾರಿನಲ್ಲಿ ಬಾಗಿಲೇ ಪೆಟ್ಟಿಗೆ. ಆದರೆ ಅದು ತೆಳು ತಗಡಿನದು, ಮೈತುಂಬ ತೂತು ಬೇರೆ.

ಗಾಜು ಪೂರ್ತಿ ಏರಿಸಿ, ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಸ್ವಲ್ಪ ಹೊತ್ತು ಕಾಯಿರಿ. ಹಳದಿ ಕಪ್ಲರ್ ಅಥವಾ ಹಳದಿ ತೋಳು ತೊಟ್ಟ ವೈರು ಎಲ್ಲಿ ಕಂಡರೂ ಅದು ಏರ್‌ಬ್ಯಾಗಿನದು, ಕೈ ಹಾಕಬೇಡಿ. ಡೋರ್ ಪ್ಯಾಡಿನ ಸ್ಕ್ರೂಗಳು ಸಾಮಾನ್ಯವಾಗಿ ಎರಡೇ ಕಡೆ ಅಡಗಿರುತ್ತವೆ: ಒಳ ಹ್ಯಾಂಡಲಿನ ಬಟ್ಟಲಲ್ಲಿ ಮತ್ತು ಬಾಗಿಲು ಎಳೆಯುವ ಹಿಡಿಕೆಯ ಒಳಗೆ. ಉಳಿದದ್ದೆಲ್ಲ ಅಂಚಿನುದ್ದಕ್ಕೂ ಪ್ಲಾಸ್ಟಿಕ್ ಕ್ಲಿಪ್. ಕೆಳಗಿನ ಮೂಲೆಯಿಂದ ಪ್ಲಾಸ್ಟಿಕ್ಕಿನ ಸಪಾಟು ಟೂಲ್ ತೂರಿಸಿ ಎಳೆದರೆ ‘ಟಪ್, ಟಪ್’ ಎಂದು ಒಂದೊಂದೇ ಬಿಡುತ್ತದೆ. ಮೊದಲ ಸಲ ಆ ಸದ್ದಿಗೆ ಎದೆ ಧಸಕ್ ಅನ್ನುತ್ತದೆ, ಏನೋ ಮುರಿಯಿತು ಅಂತ. ಒಂದೆರಡು ಮುರಿಯುತ್ತವೆ ಕೂಡ. ಮುಂಚೆಯೇ ಹತ್ತು ಕ್ಲಿಪ್ ತಂದಿಟ್ಟುಕೊಳ್ಳಿ. ಪ್ಯಾಡನ್ನು ಒಮ್ಮೆಲೇ ಎಳೆದುಬಿಡಬೇಡಿ, ಹಿಂದೆ ಪವರ್ ವಿಂಡೋದ ಕಪ್ಲರ್ ಮತ್ತು ಹ್ಯಾಂಡಲಿನ ಕೇಬಲ್ ಇರುತ್ತವೆ.

ಪ್ಯಾಡ್ ಬಂದ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಕಾಣುತ್ತದೆ, ಅಂಚಿಗೆ ಕಪ್ಪು ಗೋಂದು. ಇದು ಮಳೆನೀರು ಒಳಬರದಂತೆ ತಡೆಯುವ ಹಾಳೆ. ಗೋಂದಿಗೆ ಹೇರ್ ಡ್ರೈಯರ್ ಹಿಡಿದು ನಿಧಾನ ಬಿಡಿಸಿ, ಬೆರಳಿಗೆ ಹತ್ತಿದರೆ ಹಲಸಿನ ಮೇಣದ ಹಾಗೆ, ಎಣ್ಣೆ ಹಚ್ಚದೆ ಬಿಡುವುದಿಲ್ಲ. ನನ್ನ ಸ್ವಿಫ್ಟಿನ ಎಡಬಾಗಿಲ ಹಾಳೆಯನ್ನು ಹಿಂದೆ ಯಾರೋ ಹರಿದು ಹಾಗೇ ತುರುಕಿದ್ದರು. ಒಳಗಿನ ಸ್ಪೀಕರಿನ ಕಾಗದ ನೀರು ಕುಡಿದು, ಅಂಚು ನೆನೆದ ಹಪ್ಪಳದಂತೆ ಮೆತ್ತಗಾಗಿತ್ತು. ಎರಡು ವರ್ಷ ನಾನು ಆ ಹಪ್ಪಳದಲ್ಲಿ ಹಾಡು ಕೇಳಿ, ತಪ್ಪನ್ನು ಸ್ಕ್ರೀನಿನ ತಲೆಗೆ ಕಟ್ಟಿದ್ದೆ.

ಈಗ ದೊಡ್ಡ ತೂತಿನ ಮೂಲಕ ಕೈ ಹಾಕಿ ಹೊರತಗಡಿನ ಒಳಮೈ ಒರೆಸಿ. ಮೊದಲು ಒದ್ದೆ ಬಟ್ಟೆ, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್. ಧೂಳಿನ ಮೇಲೆ ಅಂಟಿಸಿದ ಶೀಟು ಒಂದು ಬೇಸಗೆಯೂ ನಿಲ್ಲದು. ಕೊಳ್ಳಬೇಕಾದ್ದು ಬ್ಯುಟೈಲ್ ರಬ್ಬರಿನ ಶೀಟು. ಸೂರಿನ ಸೋರಿಕೆಗೆ ಹಚ್ಚುವ ಡಾಂಬರಿನ ಪಟ್ಟಿಯನ್ನು ಅಗ್ಗಕ್ಕೆ ಸಿಗುತ್ತದೆ ಅಂತ ಹಾಕುವವರಿದ್ದಾರೆ. ರಾಯಚೂರು, ಕಲಬುರಗಿಯ ಮೇ ಬಿಸಿಲಿನಲ್ಲಿ ಅದು ಕರಗಿ ಇಳಿಯುತ್ತದೆ, ಕಾರಿನೊಳಗೆ ರಸ್ತೆ ಹಾಕುವ ವಾಸನೆ ಬರುತ್ತದೆ. ಶೀಟನ್ನು ಚಿಕ್ಕ ರೋಲರಿನಿಂದ, ಅದರ ಮೇಲಿನ ಉಬ್ಬು ಗೆರೆ ಸಪಾಟಾಗುವ ತನಕ ಉಜ್ಜಿ. ಇಡೀ ತಗಡನ್ನು ಮುಚ್ಚುವ ಅಗತ್ಯವಿಲ್ಲ. ಬಟ್ಟಬಯಲಾಗಿರುವ ಭಾಗದ ಮೂರನೇ ಒಂದಂಶ ಮುಚ್ಚಿದರೂ ಕಂಪನ ಸಾಯುತ್ತದೆ. ಬೆರಳಗೆಣ್ಣಿನಿಂದ ತಟ್ಟಿ ನೋಡಿ: ಮೊದಲು ಡಬ್ಬದ ಸದ್ದು, ಆಮೇಲೆ ಮರದ ಸದ್ದು. ಸ್ಪೀಕರಿನ ನೇರ ಹಿಂದಿನ ಜಾಗಕ್ಕೆ ಮಾತ್ರ ಬಿಡದೆ ಹಚ್ಚಿ.

ನಂತರ ಒಳತಗಡಿನ ದೊಡ್ಡ ತೂತುಗಳನ್ನು ಅದೇ ಶೀಟಿನಿಂದ ಮುಚ್ಚಿ, ಆದರೆ ಲಾಕಿನ ಕಡ್ಡಿ, ಕೇಬಲ್ ಆಡುವ ಜಾಗ ಬಿಡಿ. ಬಾಗಿಲ ತಳದಲ್ಲಿ ನೀರು ಹರಿದುಹೋಗುವ ಪುಟ್ಟ ಕಿಂಡಿಗಳಿರುತ್ತವೆ. ಅವನ್ನು ಮುಚ್ಚಿದರೆ ಒಂದು ಮಳೆಗಾಲ ಸಾಕು, ಬಾಗಿಲು ಬಾವಿಯಾಗಿ ತಳ ತುಕ್ಕು ಹಿಡಿಯುತ್ತದೆ. ಮುಗಿದ ಮೇಲೆ ಗಾಜನ್ನು ಪೂರ್ತಿ ಇಳಿಸಿ ಏರಿಸಿ, ಯಾವುದಕ್ಕೂ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಸ್ಪೀಕರ್ ಕೂರಿಸುವುದು

ಮುಂಬಾಗಿಲಿಗೆ ಕಾಂಪೊನೆಂಟ್ ಸೆಟ್ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ: ಬಾಗಿಲಲ್ಲಿ ತಗ್ಗಿನ ದನಿಗೆ ಆರೂವರೆ ಇಂಚಿನ ವೂಫರ್, ಮೇಲೆ ಕನ್ನಡಿಯ ಮೂಲೆಯಲ್ಲಿ ಚುರುಕು ದನಿಗೆ ಟ್ವೀಟರ್, ನಡುವೆ ಸಿಗ್ನಲನ್ನು ಎರಡಕ್ಕೂ ಹಂಚುವ ಕ್ರಾಸ್‌ಓವರ್. ಕೊಆಕ್ಸಿಯಲ್‌ನಲ್ಲಿ ಟ್ವೀಟರ್ ವೂಫರಿನ ಹೊಟ್ಟೆಯಲ್ಲೇ ಇರುವುದರಿಂದ ತಾಳದ ಝಣತ್ಕಾರವೆಲ್ಲ ಕಾಲಿನ ಹತ್ತಿರ ಬೀಳುತ್ತದೆ. ಟ್ವೀಟರ್ ಮೇಲೇರಿದರೆ ಹಾಡುವವರು ಎದ್ದು ಡ್ಯಾಶ್‌ಬೋರ್ಡಿನ ಮೇಲೆ ಬಂದು ಕೂರುತ್ತಾರೆ. ಗಾಜಿನ ಪಕ್ಕದ ಕಂಬದೊಳಗೆ ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ ಕಂಬಕ್ಕೆ ತೂತು ಹೊಡೆಯಬೇಡಿ.

ಅಂಗಡಿಗೆ ಹೋಗುವ ಮುಂಚೆ ಆಳ ಅಳೆಯಿರಿ. ಗಾಜು ಪೂರ್ತಿ ಇಳಿಸಿದಾಗ ಸ್ಪೀಕರ್ ಕೂರುವ ತಗಡಿನಿಂದ ಗಾಜಿಗೆ ಎಷ್ಟು ಮಿಲಿಮೀಟರ್ ಇದೆಯೋ ಅದಕ್ಕಿಂತ ಸ್ಪೀಕರಿನ ಆಳ ಕಡಿಮೆ ಇರಬೇಕು. ಸಾಲದಿದ್ದರೆ ನಡುವೆ ಉಂಗುರ ಹಾಕಬೇಕಾಗುತ್ತದೆ. ಎಮ್‌ಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಉಂಗುರ ಅಗ್ಗ, ಆದರೆ ಮಲೆನಾಡು-ಕರಾವಳಿಯ ಮಳೆಗೆ ನೆಂದ ರಸ್ಕಿನ ಹಾಗೆ ಉಬ್ಬುತ್ತದೆ. ನಾನು ಅಡಿಗೆಮನೆಯ ದಪ್ಪ ಪ್ಲಾಸ್ಟಿಕ್ ಕಟಿಂಗ್ ಬೋರ್ಡನ್ನು ಜಿಗ್‌ಸಾದಿಂದ ಕೊಯ್ದು ಮಾಡಿಕೊಂಡೆ. ಮನೆಯಲ್ಲಿ ಅದರ ಬಗ್ಗೆ ಇನ್ನೂ ವಿಚಾರಣೆ ಮುಗಿದಿಲ್ಲ. ಉಂಗುರ ಮತ್ತು ತಗಡಿನ ನಡುವೆ, ಸ್ಪೀಕರ್ ಮತ್ತು ಡೋರ್ ಪ್ಯಾಡಿನ ನಡುವೆ ಫೋಮ್ ಪಟ್ಟಿ ಕೂರಲೇಬೇಕು, ಇಲ್ಲದಿದ್ದರೆ ಸದ್ದು ಪ್ಯಾಡಿನ ಹಿಂದೆಯೇ ಸುತ್ತಾಡುತ್ತದೆ.

ಪ್ಲಸ್-ಮೈನಸ್ ನೋಡಲು ರಿಮೋಟಿನ 1.5 ವೋಲ್ಟ್ ಸೆಲ್ ಸಾಕು. ವೂಫರಿನ ಎರಡು ವೈರನ್ನು ಸೆಲ್ಲಿಗೆ ಚಕ್ಕನೆ ತಾಗಿಸಿ. ಕಾಗದ ಹೊರಗೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ತಾಗಿದ ವೈರೇ ಪ್ಲಸ್. ಟ್ವೀಟರಿಗೆ ಈ ಪ್ರಯೋಗ ಬೇಡ. ಎಡ-ಬಲದಲ್ಲಿ ಒಂದು ಉಲ್ಟಾ ಆದರೆ ಹಾಡು ಬರುತ್ತದೆ, ಆದರೆ ಬೇಸ್ ಮಾಯ, ದನಿ ಎಲ್ಲಿಂದ ಬರುತ್ತಿದೆ ಅಂತ ತಿಳಿಯದು. ‘ಹೊಸ ಸ್ಪೀಕರ್ ಹಾಕಿಸಿದೆ, ಹಳೇದೇ ಚೆನ್ನಾಗಿತ್ತು’ ಎಂದು ದೂರುವವರ ಕಾರಿನಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಸ್ಟೀರಿಯೊ, ಸ್ಕ್ರೀನ್, ಆಕಾಶವಾಣಿ

ಡ್ಯಾಶ್‌ಬೋರ್ಡಿನ ತೂತಿಗೆ ಅಳತೆ ಇದೆ. ಸಿಂಗಲ್ ಡಿನ್ ಅಂದರೆ ಸುಮಾರು 180 ಮಿಲಿಮೀಟರ್ ಅಗಲ, 50 ಎತ್ತರ. ಡಬಲ್ ಡಿನ್ ಅಂದರೆ ಅದೇ ಅಗಲ, 100 ಎತ್ತರ. ಒಂಬತ್ತು-ಹತ್ತು ಇಂಚಿನ ಸ್ಕ್ರೀನಿಗೆ ಆಯಾ ಕಾರಿನ ಫ್ರೇಮ್ ಬೇಕು. ಯೂನಿವರ್ಸಲ್ ಫ್ರೇಮ್ ಅಂತ ಕೊಟ್ಟರೆ ಸಂದಿಗೆ ಟೇಪ್ ಸುತ್ತಿಕೊಡುತ್ತಾರೆ, ಜೀವನವಿಡೀ ಕಿರಿಕ್.

ಯಾವುದು ಕೊಳ್ಳಬೇಕು? ಫೋನಿನ ಆಂಡ್ರಾಯ್ಡ್ ಆಟೊ, ಕಾರ್‌ಪ್ಲೇ ಸರಿಯಾಗಿ ನಡೆಸುವ, ಬ್ರ್ಯಾಂಡಿನ ಸರಳ ಯೂನಿಟ್ಟು. ಟ್ಯಾಬ್ಲೆಟ್ಟಿನಂಥ ಅಗ್ಗದ ಆಂಡ್ರಾಯ್ಡ್ ಯೂನಿಟ್ಟುಗಳಲ್ಲಿ ‘8 ಜಿಬಿ ರ್‍ಯಾಮ್’ ಎಂದು ಸೆಟ್ಟಿಂಗಿನಲ್ಲಿ ತೋರಿಸುವ ಅಂಕಿಯನ್ನೇ ತಿದ್ದಿರುವುದುಂಟು. ಅದರ ಒಳಗಿನ ಸಾಫ್ಟ್‌ವೇರ್ ಕೊಂಡ ದಿನವೇ ಮುದಿಯಾಗಿರುತ್ತದೆ. ಫೋನು ಹೇಗೂ ಎರಡು-ಮೂರು ವರ್ಷಕ್ಕೆ ಬದಲಾಗುತ್ತದೆ, ಬುದ್ಧಿ ಅಲ್ಲಿರಲಿ. ಸ್ಕ್ರೀನನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಬೇಡಿ, ಬಿಸಿಲಿಗೆ ತಂದು ಓರೆಯಿಂದ ನೋಡಿ. ಬೇರೆ ಆಂಪ್ ಹಾಕುವ ಯೋಚನೆಯಿದ್ದರೆ ಹಿಂದೆ ಆಂಪಿಗೆ ಸಿಗ್ನಲ್ ಕಳಿಸುವ ಮೂರು ಜೊತೆ ಆರ್‌ಸಿಎ ಔಟ್‌ಪುಟ್, ಒಳಗೆ ಒಂದೊಂದು ಸ್ಪೀಕರಿನ ದನಿಯನ್ನು ಬೇಕಾದಷ್ಟು ತಡ ಮಾಡುವ ಟೈಮ್ ಅಲೈನ್‌ಮೆಂಟ್ ಇದೆಯೇ ಕೇಳಿ.

ವೈರುಗಳ ಬಣ್ಣಕ್ಕೆ ಒಂದು ರೂಢಿಯಿದೆ. ಹಳದಿ ಸದಾ ಬ್ಯಾಟರಿ, ಕೆಂಪು ಕೀ ತಿರುಗಿಸಿದಾಗ ಮಾತ್ರ, ಕಪ್ಪು ಅರ್ತ್, ನೀಲಿ ಆಂಟೆನಾ, ನೀಲಿ-ಬಿಳಿ ಆಂಪನ್ನು ಆನ್ ಮಾಡುವ ರಿಮೋಟ್, ಕಿತ್ತಳೆ ಹೆಡ್‌ಲೈಟ್ ಹಚ್ಚಿದಾಗ ಸ್ಕ್ರೀನ್ ಮಂಕಾಗಲು. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇದ್ದರೆ ಆಯಾ ಮೈನಸ್. ಇದು ಸ್ಟೀರಿಯೊ ಕಡೆಯ ರೂಢಿ, ಕಾರಿನ ಕಡೆ ಬಣ್ಣ ಬೇರೆಯೇ ಇರುತ್ತದೆ. ಈ ಹಳದಿಗೂ ಏರ್‌ಬ್ಯಾಗಿನ ಹಳದಿಗೂ ಸಂಬಂಧವಿಲ್ಲ. ಮಲ್ಟಿಮೀಟರ್ ಹಿಡಿದು ಖಾತ್ರಿ ಮಾಡಿಕೊಳ್ಳಿ. ಪ್ರತಿ ಸಲ ಕೀ ತೆಗೆದಾಗ ಗಡಿಯಾರ, ಸ್ಟೇಷನ್ ಎಲ್ಲ ಅಳಿಸಿಹೋಗುತ್ತಿದ್ದರೆ ಕೆಂಪು-ಹಳದಿ ಅದಲುಬದಲಾಗಿವೆ ಎಂದೇ ಅರ್ಥ.

ರೇಡಿಯೊ ಕೇಳುವವರಿಗೊಂದು ಮಾತು. ಬಾಕ್ಸಿನಿಂದ ಬಂದ ಯೂನಿಟ್ಟಿನಲ್ಲಿ ರೀಜನ್ ‘ಅಮೆರಿಕ’ ಎಂದಿದ್ದರೆ ಎಎಮ್ ಪಟ್ಟಿ 10 ಕಿಲೊಹರ್ಟ್ಜ್ ಹೆಜ್ಜೆಯಲ್ಲಿ ಓಡುತ್ತದೆ. ನಮ್ಮದು 9ರ ಹೆಜ್ಜೆ. ಬೆಂಗಳೂರು ಆಕಾಶವಾಣಿಯ 612, ಧಾರವಾಡದ 765 ಎರಡೂ 9ರ ಮಗ್ಗಿಯಲ್ಲಿವೆ, 10ರ ಮಗ್ಗಿಯಲ್ಲಿಲ್ಲ. ಎಫ್‌ಎಮ್ಮೂ ಹಾಗೇ: ಅಮೆರಿಕದ ಸೆಟ್ಟಿಂಗ್ ಬೆಸ ದಶಮಾಂಶಗಳಲ್ಲಿ ಮಾತ್ರ ನಿಲ್ಲುತ್ತದೆ. ಬೆಂಗಳೂರಿನ 101.3 ಸಿಗುತ್ತದೆ, ಮೈಸೂರಿನ 100.6 ಸಿಗುವುದಿಲ್ಲ. ‘ಸ್ಟೀರಿಯೊ ಸರಿಯಿಲ್ಲ’ ಎಂದು ವಾಪಸು ಕೊಡುವ ಮುಂಚೆ ರೀಜನ್ ಬದಲಿಸಿ ನೋಡಿ. ಆಮೇಲೂ ಎಫ್‌ಎಮ್ ಕರಕರ ಅಂದರೆ ನೀಲಿ ವೈರ್ ಜೋಡಿಸಿದ್ದಾರಾ ಗಮನಿಸಿ. ಕೆಲವು ಕಾರುಗಳ ಆಂಟೆನಾದಲ್ಲೇ ಚಿಕ್ಕ ಬೂಸ್ಟರ್ ಇರುತ್ತದೆ, ಅದಕ್ಕೆ 12 ವೋಲ್ಟ್ ಹೋಗಬೇಕು.

ಸ್ಟೀರಿಂಗಿನ ಬಟನ್ನುಗಳಿಗೆ ‘ಕೀ 1’, ‘ಕೀ 2’ ಎಂಬ ವೈರುಗಳಿರುತ್ತವೆ. ಜೋಡಿಸಿ, ಸೆಟ್ಟಿಂಗಿನಲ್ಲಿ ಒಂದೊಂದನ್ನೇ ಕಲಿಸಿದರೆ ಆಯಿತು. ರಿವರ್ಸ್ ಕ್ಯಾಮೆರಾಕ್ಕೆ ರಿವರ್ಸ್ ಲೈಟಿನಿಂದ ಪವರ್. ಹ್ಯಾಂಡ್‌ಬ್ರೇಕ್ ಎಳೆದಾಗ ಮಾತ್ರ ವಿಡಿಯೊ ಓಡಲಿ ಎಂದೇ ಇರುವ ವೈರನ್ನು ಅರ್ತಿಗೆ ಕಟ್ಟಿ ಮೋಸಗೊಳಿಸುವುದು ಎಲ್ಲ ಅಂಗಡಿಯ ವಾಡಿಕೆ. ನಾನು ಕಟ್ಟಿಸಲಿಲ್ಲ. ಘಟ್ಟದ ತಿರುವಿನಲ್ಲಿ ಡ್ರೈವರನ ಕಣ್ಣೆದುರು ಸಿನಿಮಾ ಓಡುವುದು ನನಗೆ ಬೇಡ. ಹಿಂದಿನ ಸೀಟಿನ ಮಕ್ಕಳಿಗೆ ಹೆಡ್‌ರೆಸ್ಟ್ ಸ್ಕ್ರೀನು ಅನ್ನುತ್ತೀರಾದರೆ, ಒಂದು ಟ್ಯಾಬ್ಲೆಟ್ಟೂ ಹಿಡಿಕೆಯೂ ಸಾಕು. ಅದಕ್ಕೆ ವೈರಿಂಗ್ ಮಾಡಿಸುವುದು ದಂಡ.

ಆಂಪ್, ವೈರ್, ಮತ್ತು ಶಿರಸಿಯಲ್ಲಿ ನಿಂತುಹೋದ ಕಾರು

50 ವಾಟ್ ಆರ್‌ಎಮ್‌ಎಸ್‌ನ ನಾಲ್ಕು ಚಾನೆಲ್ ಸಾಧಾರಣ ಕಾರಿಗೆ ಧಾರಾಳ. ಒಟ್ಟು 200 ವಾಟ್. ನಷ್ಟ ಸೇರಿಸಿದರೆ ಬ್ಯಾಟರಿಯಿಂದ ಎಳೆಯುವುದು 18ರಿಂದ 25 ಆಂಪಿಯರ್. ಇದಕ್ಕೆ 8 ಗೇಜಿನ ವೈರ್, 40 ಆಂಪಿಯರ್ ಫ್ಯೂಸ್ ಹೊಂದುತ್ತದೆ. ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಇರಬೇಕು. ಅದು ಕಾಯುವುದು ಆಂಪನ್ನಲ್ಲ, ವೈರನ್ನು. ಎಂಜಿನ್ ಹಿಂದಿನ ತಗಡಿನಲ್ಲಿ ವೈರು ಸವೆದು ಅರ್ತ್ ಆದರೆ, ಫ್ಯೂಸ್ ಆಂಪಿನ ಹತ್ತಿರ ಕೂತಿದ್ದರೆ ಏನೂ ಮಾಡಲಾರದು, ಬೆಂಕಿ ಹತ್ತುತ್ತದೆ. ಆ ತಗಡನ್ನು ದಾಟುವಲ್ಲಿ ವೈರು ಸವೆಯದಂತೆ ತೂತಿಗೆ ಹಾಕುವ ರಬ್ಬರ್ ಗ್ರೊಮೆಟ್ ಇಲ್ಲದ ಕೆಲಸವನ್ನು ಒಪ್ಪಿಕೊಳ್ಳಲೇಬೇಡಿ.

ವೈರ್ ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರದ ಲೇಪದ ಅಲ್ಯೂಮಿನಿಯಂ. ಅದರ ತಡೆ ತಾಮ್ರದ ಸುಮಾರು ಒಂದೂವರೆ ಪಟ್ಟು. ಅರ್ತ್ ವೈರ್ ಗಿಡ್ಡಗಿರಲಿ, ಪವರ್ ವೈರಿನಷ್ಟೇ ದಪ್ಪಗಿರಲಿ. ಬಣ್ಣ ಕೆರೆದು ಬರಿ ತಗಡಿಗೆ ಬೋಲ್ಟ್ ಮಾಡಿ, ಮೇಲೆ ವ್ಯಾಸಲೀನ್ ಬಳಿಯಿರಿ, ಕಾರವಾರ-ಮಂಗಳೂರಿನ ಉಪ್ಪುಗಾಳಿಗೆ ಅದಿಲ್ಲದೆ ವರ್ಷದೊಳಗೆ ತುಕ್ಕು. ಸೀಟ್ ಬೆಲ್ಟಿನ ಬೋಲ್ಟಿಗೆ ಅರ್ತ್ ಕಟ್ಟುವುದು ಕಂಡರೆ ತಡೆಯಿರಿ. ಪವರ್ ವೈರ್ ಕಾರಿನ ಒಂದು ಪಕ್ಕ, ಆರ್‌ಸಿಎ ಇನ್ನೊಂದು ಪಕ್ಕ. ಎಂಜಿನಿನ ಜತೆ ಏರುವ ಆ ‘ಕುಂಯ್ಯ್’ ಬಂದರೆ ಆಂಪ್ ಆಫ್ ಮಾಡಿ ಆರ್‌ಸಿಎ ಕಿತ್ತು, ಮತ್ತೆ ಆನ್ ಮಾಡಿ. ಸದ್ದು ನಿಂತರೆ ತಪ್ಪು ಸ್ಟೀರಿಯೊ ಕಡೆ, ನಿಲ್ಲದಿದ್ದರೆ ಆಂಪಿನ ಅರ್ತ್ ಕಡೆ.

ಇನ್ನು ನನ್ನ ಕಥೆ. ಮೊದಲ ಸಲ ಸ್ಕ್ರೀನಿನ ಜತೆ ಒಂದು ಸೆಕೆಂಡ್ ಹ್ಯಾಂಡ್ ಆಂಪನ್ನೂ ಒಂದು ಅಂಗಡಿಯಲ್ಲಿ ಹಾಕಿಸಿದ್ದೆ. ದಿನಾ ಆಫೀಸಿಗೆ ಓಡಿಸುತ್ತಿದ್ದಾಗ ಏನೂ ತಿಳಿಯಲಿಲ್ಲ. ಜುಲೈನಲ್ಲಿ ಶಿರಸಿಗೆ ಹೋದೆವು, ಬೆಂಗಳೂರಿನಿಂದ ನಾನೂರು ಕಿಲೊಮೀಟರ್. ಮೂರು ದಿನ ಬಿಡದೆ ಮಳೆ, ಕಾರು ಅಂಗಳದಲ್ಲೇ. ಹೊರಡುವ ಬೆಳಗ್ಗೆ ಕೀ ತಿರುಗಿಸಿದರೆ ಒಂದು ‘ಟಿಕ್’, ಅಷ್ಟೆ. ಅಡಕೆ ತೋಟದ ದಾರಿಯಲ್ಲಿ ನಾಲ್ವರು ಕೊಡೆ ಹಿಡಿದುಕೊಂಡೇ ತಳ್ಳಿದರು. ಆಮೇಲೆ ಅಳೆದು ನೋಡಿದರೆ, ಆಂಪಿನ ರಿಮೋಟ್ ವೈರನ್ನು ನೀಲಿ-ಬಿಳಿಗೆ ಕಟ್ಟುವ ಬದಲು ಸದಾ ಕರೆಂಟಿರುವ ಹಳದಿಗೆ ಕಟ್ಟಿದ್ದರು. ಆಂಪ್ ಹಗಲೂ ರಾತ್ರಿ ಎಚ್ಚರವಿದ್ದು 0.6 ಆಂಪಿಯರ್ ಕುಡಿಯುತ್ತಿತ್ತು. 35 ಆಂಪಿಯರ್-ಅವರ್ ಬ್ಯಾಟರಿ ಆ ಲೆಕ್ಕದಲ್ಲಿ 58 ಗಂಟೆಗೆ ಖಾಲಿ.

ಹಾಗಾಗಿ ಕೆಲಸ ಮುಗಿದ ದಿನವೇ ಇದನ್ನು ಮಾಡಿ: ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿನಲ್ಲಿಟ್ಟು, ಬ್ಯಾಟರಿಯ ನೆಗೆಟಿವ್ ಮತ್ತು ಅದರ ಕೇಬಲಿನ ನಡುವೆ ಸೇರಿಸಿ, ಕಾರು ಲಾಕ್ ಮಾಡಿ ಅರ್ಧ ಗಂಟೆ ಬಿಡಿ. ಕೊನೆಗೆ 50 ಮಿಲಿಆಂಪಿಯರಿಗಿಂತ ಕಡಿಮೆ ತೋರಿಸಬೇಕು. ಮೀಟರ್ ಸೇರಿಸಿರುವಾಗ ಸ್ಟಾರ್ಟ್ ಮಾಡಿದರೆ ಮೀಟರಿನ ಫ್ಯೂಸ್ ಹೋಗುತ್ತದೆ.

ತೀರ ಕೆಳಗಿನ ಬೇಸಿಗೆಂದೇ ಇರುವ ಸಬ್‌ವೂಫರ್ ಬಗ್ಗೆ ನನ್ನದು ಚಿಕ್ಕ ಮಾತು. ಡಿಕ್ಕಿಯಲ್ಲಿ ಅಕ್ಕಿ ಮೂಟೆ, ತೆಂಗಿನಕಾಯಿ ಬರುವ ಮನೆಗೆ ಸೀಟಿನ ಕೆಳಗೆ ಕೂರುವ ಎಂಟು ಇಂಚಿನ ಸಪಾಟು ಸಬ್ ಸಾಕು. ಎದೆ ನಡುಗಬೇಕು ಅನ್ನುವವರಿಗೆ ಮುಚ್ಚಿದ ಪೆಟ್ಟಿಗೆಯ ಹತ್ತು ಇಂಚು. ಬಾಗಿಲ ಕೆಲಸ ಸರಿಯಾಗಿ ಮಾಡಿದವರಲ್ಲಿ ಅರ್ಧ ಜನಕ್ಕೆ ಸಬ್ ಬೇಕೆಂದೇ ಅನ್ನಿಸುವುದಿಲ್ಲ.

ಶ್ರುತಿ ಕೂಡಿಸುವುದು

ತಂಬೂರಿ ಎಷ್ಟೇ ದುಬಾರಿಯದಾಗಲಿ, ಶ್ರುತಿ ಮಾಡದೆ ಕಛೇರಿ ಇಲ್ಲ. ಮೊದಲು ಸ್ಟೀರಿಯೊದ ಬೇಸ್, ಟ್ರೆಬಲ್, ಲೌಡ್‌ನೆಸ್ ಎಲ್ಲ ಸೊನ್ನೆಗೆ ತನ್ನಿ. ಬಾಗಿಲ ಸ್ಪೀಕರಿಗೆ 80 ಹರ್ಟ್ಜ್ ಹೈಪಾಸ್ (ಅದಕ್ಕಿಂತ ಮೇಲಿನ ದನಿಯನ್ನಷ್ಟೇ ಬಿಡುವ ಸೋಸು) ಹಾಕಿ, ಸಬ್ ಇದ್ದರೆ ಅದಕ್ಕೆ ಕೆಳಗಿನದನ್ನಷ್ಟೇ ಬಿಡುವ 80ರ ಲೋಪಾಸ್. ಆರೂವರೆ ಇಂಚಿನ ಸ್ಪೀಕರಿಗೆ ತೀರ ಕೆಳಗಿನ ಬೇಸ್ ಹೊರಿಸದಿದ್ದರೆ ದನಿ ತಿಳಿಯಾಗುತ್ತದೆ. ಹೆಚ್ಚು ಜೋರಾಗಿ ಕೇಳಲೂಬಹುದು.

ಆಂಪಿನ ಗೇನ್ ಎಂಬುದು ವಾಲ್ಯೂಮ್ ಅಲ್ಲ, ಸ್ಟೀರಿಯೊದ ಸಿಗ್ನಲಿಗೆ ಆಂಪನ್ನು ಹೊಂದಿಸುವ ತಿರುಪು. ಸ್ಪೀಕರ್ ವೈರ್ ಬಿಚ್ಚಿ, ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲಿಗಿಟ್ಟು, 1 ಕಿಲೊಹರ್ಟ್ಜ್ ಟೋನ್ ಹಾಕಿ, ಆಂಪಿನ ಔಟ್‌ಪುಟ್ಟಿನಲ್ಲಿ ಎಸಿ ವೋಲ್ಟೇಜ್ ಅಳೆಯಿರಿ. ಎಷ್ಟಿರಬೇಕು? ವಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 50 ಇಂಟು 4 ಅಂದರೆ 200, ಅದರ ವರ್ಗಮೂಲ 14.1. ಗೇನನ್ನು ನಿಧಾನ ಏರಿಸಿ 14.1 ವೋಲ್ಟಿಗೆ ನಿಲ್ಲಿಸಿ. ಆಚೆ ಹೋದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಟ್ವೀಟರ್ ಸುಡುವುದು ಹೀಗೆ. ಸಬ್ಬಿಗೂ ಇದೇ ಲೆಕ್ಕ, ಟೋನ್ ಮಾತ್ರ 50 ಹರ್ಟ್ಜ್‌ದು.

ಆಮೇಲೆ ಟೈಮ್ ಅಲೈನ್‌ಮೆಂಟ್. ನಮ್ಮಲ್ಲಿ ಡ್ರೈವರ್ ಬಲಗಡೆ. ಟೇಪ್ ಹಿಡಿದು ಕಿವಿಯಿಂದ ಬಲ ಸ್ಪೀಕರಿಗೆ, ಎಡ ಸ್ಪೀಕರಿಗೆ ಅಳೆಯಿರಿ. ನನ್ನ ಕಾರಿನಲ್ಲಿ 90 ಮತ್ತು 140 ಸೆಂಟಿಮೀಟರ್. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ, ಹಾಗಾದರೆ ಬಲದ್ದು 1.5 ಮಿಲಿಸೆಕೆಂಡಿನಷ್ಟು ಮುಂಚೆ ತಲುಪುತ್ತಿದೆ. ಬಲ ಸ್ಪೀಕರನ್ನು ಅಷ್ಟು ತಡ ಮಾಡಿದೆ. ಮೊಣಕಾಲಿನ ಹತ್ತಿರ ಕೂತಿದ್ದ ಭಾವಗೀತೆಯ ದನಿ ಎದ್ದು ಬಂದು ವೈಪರಿನ ನಡುವೆ ನಿಂತಿತು. ಇಡೀ ಕೆಲಸದಲ್ಲಿ ನಾನು ಬೆರಗಾದದ್ದು ಆ ಒಂದು ಕ್ಷಣಕ್ಕೆ, ಅದಕ್ಕೆ ಖರ್ಚಾದದ್ದು ಸೊನ್ನೆ ರೂಪಾಯಿ. ಪಕ್ಕದ ಸೀಟಿನವರಿಗೆ ಮಾತ್ರ ಇದರಿಂದ ಅನ್ಯಾಯವಾಗುತ್ತದೆ, ಅವರಿಗಾಗಿ ಬೇರೆ ಪ್ರಿಸೆಟ್ ಮಾಡಿಡಿ.

ಈಕ್ವಲೈಜರಿನಲ್ಲಿ ಕಿವಿಗೆ ಚುಚ್ಚುವುದನ್ನು ಇಳಿಸಿ, ಕೇಳದ್ದನ್ನು ಏರಿಸುವುದಕ್ಕೆ ಹೋಗಬೇಡಿ. 6 ಡೆಸಿಬಲ್ ಏರಿಸಿದರೆ ಆಂಪ್ ಆ ಪಟ್ಟಿಗೆ ನಾಲ್ಕು ಪಟ್ಟು ವಾಟ್ ಕೊಡಬೇಕಾಗುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮಾಡಿದ ಸೆಟ್ಟಿಂಗ್ ಹೈವೇಯಲ್ಲಿ ಬೇಸ್ ಕಡಿಮೆ ಅನ್ನಿಸುತ್ತದೆ, ಟಯರಿನ ಮೊರೆತ ಅದನ್ನು ನುಂಗುತ್ತದೆ. ಎರಡು ಪ್ರಿಸೆಟ್ ಇರಲಿ. ಡಿಕ್ಕಿ ತೆಗೆದು ಬೀದಿಗೆಲ್ಲ ಕೇಳಿಸುವವರಿಗೆ: 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್. ಅದು ಪಿಸುಮಾತಿಗಿಂತ ಸ್ವಲ್ಪ ಮೇಲೆ.

ಬಿಲ್ಲುಗಳನ್ನು ಇಟ್ಟುಕೊಂಡು, ಹಾಕಿಸಿದ್ದನ್ನು ವಿಮೆ ಕಂಪನಿಗೆ ತಿಳಿಸಿ. ಕಳವಾದರೆ ಹೇಳದ ವಸ್ತುವಿಗೆ ದುಡ್ಡು ಬರುವುದಿಲ್ಲ.

ಒಂದು ತಿಂಗಳು ಓಡಿಸಿದ ಮೇಲೆ ಪವರ್ ಮತ್ತು ಅರ್ತ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಆ ಹಳೆ ಚೀಟಿ ತೆಗೆದು ಒಂದೊಂದೇ ದೂರನ್ನು ಹೊಡೆದುಹಾಕಿ. ಬೇಸ್ ಸರಿಯಾದ ಮೇಲೆ ಇಷ್ಟು ದಿನ ಸುಮ್ಮನಿದ್ದ ವಸ್ತುಗಳೆಲ್ಲ ಬಾಯಿ ಬಿಡುತ್ತವೆ: ಗ್ಲೋವ್ ಬಾಕ್ಸಿನ ಚಿಲ್ಲರೆ, ನಂಬರ್ ಪ್ಲೇಟು, ಕನ್ನಡಿಗೆ ಕಟ್ಟಿದ ದೇವರ ಲಾಕೆಟ್ಟು. 40ರಿಂದ 200 ಹರ್ಟ್ಜ್‌ವರೆಗೆ ನಿಧಾನ ಏರುವ ಟೋನ್ ಹಾಕಿ, ಒಬ್ಬರು ಕೂತು ಇನ್ನೊಬ್ಬರು ಒಂದೊಂದನ್ನೇ ಕೈಯಿಂದ ಒತ್ತುತ್ತಾ ಹೋದರೆ ಕಳ್ಳ ಸಿಗುತ್ತಾನೆ. ನನ್ನ ಚೀಟಿಯಲ್ಲಿ ಕೊನೆಗೆ ಉಳಿದ ‘ಹಿಂದೆ ಎಲ್ಲೋ ಜಿರ್’ ಎಂಬ ಸಾಲು ಎರಡು ವಾರ ಸತಾಯಿಸಿ, ಡಿಕ್ಕಿಯ ಮೇಲಿನ ಪಾರ್ಸೆಲ್ ಟ್ರೇ ಎಂದು ಗೊತ್ತಾಯಿತು. ಹಳೆ ಸೈಕಲ್ ಟ್ಯೂಬಿನ ಎರಡು ತುಂಡು ಅದರ ಕೆಳಗೆ ಸಿಗಿಸಿದ್ದೇನೆ.